ಮೆಡಿಕಲ್ ಸೀಟಿಗೆ ಎಷ್ಟು ಸರ್ಟಿಫಿಕೇಟ್ ಬೇಕು?

ಪ್ರಶ್ನೆ: ಮೇಡಂ, ನಾನು ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ, ಪಿಸಿಎಂಬಿ. ನಮ್ಮೂರು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನದು 4 ಎಕರೆ ತೊಗರಿ ಹೊಲ. ದೊಡ್ಡಪ್ಪನ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಅಲ್ಲಿ ಮೆಡಿಕಲ್ ಸೇರಲು ತಯಾರಿ ಮಾಡುತ್ತಿದ್ದಾಳೆ. ಬರೀ ಮಾರ್ಕ್ಸ್ ಸಾಲಲ್ಲ, ಆಸ್ಪತ್ರೆಯಲ್ಲಿ ವಾಲಂಟಿಯರ್ ಆಗು, ರಿಸರ್ಚ್ ಮಾಡು, ಡಾಕ್ಟರ ಜೊತೆ ಓಡಾಡು ಎನ್ನುತ್ತಾಳೆ. ಇಲ್ಲಿ ಒಬ್ಬರು 12,000 ರೂಪಾಯಿ ಕಟ್ಟಿದರೆ ಆನ್‌ಲೈನ್‌ನಲ್ಲೇ ನಾಲ್ಕು ವಾರದ ‘ಮೆಡಿಕಲ್ ಇಂಟರ್ನ್‌ಶಿಪ್’ ಮಾಡಿಸಿ ಸರ್ಟಿಫಿಕೇಟ್ ಕೊಡುತ್ತಾರಂತೆ. ಅಪ್ಪ ಕಟ್ಟಲು ತಯಾರಿದ್ದಾರೆ. ಎಂಬಿಬಿಎಸ್ ಇಲ್ಲೇ ಮಾಡುವ ಆಸೆ. ಮುಂದೆ ಹೊರದೇಶಕ್ಕೆ ಹೋದರೂ ಹೋಗಬಹುದು. ನಾನು ಯಾವ ಚಟುವಟಿಕೆ ಆರಿಸಿಕೊಳ್ಳಲಿ?

ಉತ್ತರ: ತಂಗಿ, ಮೊದಲು ಅಪ್ಪನಿಗೆ ಫೋನ್ ಮಾಡಿ ಆ 12,000 ಕಟ್ಟಬೇಡ ಎಂದು ಹೇಳು. ಉಳಿದದ್ದು ನಿಧಾನಕ್ಕೆ ಮಾತಾಡೋಣ.

ನಿನ್ನ ಅಕ್ಕ ಸುಳ್ಳು ಹೇಳುತ್ತಿಲ್ಲ. ಅವಳ ದೇಶದ ಲೆಕ್ಕ ಅವಳು ಹೇಳಿದ್ದಾಳೆ, ಅಷ್ಟೇ. ನಮ್ಮಲ್ಲಿ ಎಂಬಿಬಿಎಸ್ ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. 2017ರಿಂದ ದೇಶದ ಹೆಚ್ಚುಕಡಿಮೆ ಎಲ್ಲ ಕಾಲೇಜಿಗೂ ಇದೇ ದಾರಿ. 2020ರಿಂದ ಏಮ್ಸ್ ಮತ್ತು ಪುದುಚೇರಿಯ ಜಿಪ್‌ಮರ್ ಎಂಬ ಕೇಂದ್ರ ಸರ್ಕಾರದ ಮೆಡಿಕಲ್ ಸಂಸ್ಥೆಗಳು ಕೂಡ ತಮ್ಮ ಬೇರೆ ಪರೀಕ್ಷೆ ಬಿಟ್ಟು ಇದರೊಳಗೇ ಬಂದವು. 180 ಪ್ರಶ್ನೆ, 720 ಮಾರ್ಕ್ಸ್. ನೀನು ಎಷ್ಟು ಕ್ಯಾಂಪಿಗೆ ಹೋಗಿದ್ದೆ ಎಂದು ಬರೆಯಲು ಅದರಲ್ಲಿ ಒಂದು ಗೆರೆ ಜಾಗವೂ ಇಲ್ಲ. ಇಬ್ಬರಿಗೆ ಸಮ ಮಾರ್ಕ್ಸ್ ಬಂದರೆ ಮೊದಲು ನೋಡುವುದು ಬಯಾಲಜಿಯಲ್ಲಿ ಯಾರಿಗೆ ಜಾಸ್ತಿ ಬಂದಿದೆ ಎಂದು. ಆಮೇಲೆ ಕೆಮಿಸ್ಟ್ರಿ, ಆಮೇಲೆ ಫಿಸಿಕ್ಸ್. ಸಮಾಜಸೇವೆ ಎಲ್ಲೂ ಬರುವುದಿಲ್ಲ.

ಒಂದು ಸರಿ ಉತ್ತರಕ್ಕೆ 4 ಮಾರ್ಕ್ಸ್, ತಪ್ಪಾದರೆ 1 ಕಡಿತ. ಅಂದರೆ ಒಂದು ಪ್ರಶ್ನೆ ಸರಿಯಾಗುವುದಕ್ಕೂ ತಪ್ಪಾಗುವುದಕ್ಕೂ ನಡುವೆ 5 ಮಾರ್ಕ್ಸ್ ಇದೆ. ಆ ಆನ್‌ಲೈನ್ ಇಂಟರ್ನ್‌ಶಿಪ್‌ಗೆ ಕೊಡುವ ನಾಲ್ಕು ವಾರದಲ್ಲಿ ನೀನು ಫಿಸಿಕ್ಸಿನ ಎರಡು ಪಾಠ ಗಟ್ಟಿ ಮಾಡಿಕೊಂಡರೂ ಅದರ ಲಾಭವೇ ದೊಡ್ಡದು.

ಹಾಗಂತ ಯಾವ ಸರ್ಟಿಫಿಕೇಟೂ ಬೇಡ ಎಂದುಕೊಳ್ಳಬೇಡ. ಒಂದು ಬೇಕೇ ಬೇಕು, ಮತ್ತೆ ಅದನ್ನೇ ನಮ್ಮ ಕಡೆ ಮಕ್ಕಳು ಮರೆಯುವುದು. 371(ಜೆ) ಪ್ರಮಾಣಪತ್ರ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಿಕ್ಕ ಸೌಲಭ್ಯ ಇದು. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ 70 ಶೇಕಡಾ ಸೀಟು ಸ್ಥಳೀಯರಿಗೆ. ರಾಜ್ಯದ ಉಳಿದ ಕಡೆ 8 ಶೇಕಡಾ. ಕಲಬುರಗಿಯ ಜಿಮ್ಸ್, ಬೀದರದ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಎಲ್ಲ ನಿನ್ನ ಮನೆ ಬಾಗಿಲಲ್ಲೇ ಇವೆ ಅಲ್ವಾ, ಅವುಗಳ ಸೀಟಿಗೆ ಈ ಕಾಗದ ಎಷ್ಟು ತೂಕದ್ದು ಎಂದು ಲೆಕ್ಕ ಹಾಕು. ಇದಕ್ಕೆ 12,000 ಬೇಕಾಗಿಲ್ಲ. ಕಚೇರಿಗೆ ಎರಡು ಮೂರು ಸಲ ಓಡಾಡುವ ತಾಳ್ಮೆ ಬೇಕು.

ಎನ್‌ಸಿಸಿ ಮತ್ತು ಕ್ರೀಡೆಯ ಕೋಟಾ ಬಗ್ಗೆಯೂ ನೀನು ಕೇಳಿರಬಹುದು. ರಾಜ್ಯದ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಹಂಚುವಾಗ ಅಂಥ ವಿಶೇಷ ವರ್ಗಗಳಿವೆ, ನಿಜ. ಆದರೆ ಸೀಟು ಬೆರಳೆಣಿಕೆ. ಪೈಪೋಟಿಗೆ ಬರುವವರು ದೆಹಲಿಯ ಗಣರಾಜ್ಯೋತ್ಸವ ಪರೇಡಿಗೆ ಹೋಗಿ ಬಂದವರು, ರಾಜ್ಯಕ್ಕೆ ಆಡಿದವರು. ಹೈಸ್ಕೂಲಿನಿಂದಲೇ ಅದರಲ್ಲಿದ್ದರೆ ಸರಿ. ಸೆಕೆಂಡ್ ಪಿಯುಸಿಯಲ್ಲಿ ಸೀಟಿನ ಆಸೆಗೆ ಹೊಸದಾಗಿ ಎನ್‌ಸಿಸಿ ಡ್ರೆಸ್ ಹೊಲಿಸುವುದು ದಂಡ.

ನಮ್ಮ ದೇಶದಲ್ಲಿ ಹುಡುಗ ಹುಡುಗಿಯರ ಮುಖ ನೋಡಿ, ಮಾತಾಡಿಸಿ ಎಂಬಿಬಿಎಸ್‌ಗೆ ತೆಗೆದುಕೊಳ್ಳುವ ಒಂದು ಜಾಗ ಉಳಿದಿದೆ. ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. ನೀಟ್ ಅಂಕದ ಮೇಲೆ ಕರೆದು ಅಲ್ಲಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನಶ್ಶಾಸ್ತ್ರದ ಪರೀಕ್ಷೆ, ಸಂದರ್ಶನ ಮಾಡುತ್ತಾರೆ. ಓದು ಮುಗಿದ ಮೇಲೆ ಸೇನೆಯಲ್ಲಿ ಕೆಲಸ ಮಾಡಬೇಕು. ಅದು ನಿನಗೆ ಒಪ್ಪಿಗೆಯಾದರೆ ಆಮೇಲೆ ಮತ್ತೆ ಬರೆ, ಅದರದ್ದೇ ಬೇರೆ ಮಾತಿದೆ.

ಈಗ ಅಕ್ಕನ ದೇಶಕ್ಕೆ ಬರೋಣ. ಅಲ್ಲಿ ಪಿಯುಸಿ ಮುಗಿಸಿ ನೇರ ಮೆಡಿಕಲ್ ಸೇರುವ ಪದ್ಧತಿಯೇ ಇಲ್ಲ ಎನ್ನಬಹುದು. ನಾಲ್ಕು ವರ್ಷ ಡಿಗ್ರಿ, ಎಂಕ್ಯಾಟ್ ಪರೀಕ್ಷೆ, ಆಮೇಲೆ ಅರ್ಜಿ. ಅಮ್ಕಾಸ್ ಎಂಬ ಆ ಅರ್ಜಿಯಲ್ಲಿ ಅನುಭವ ಬರೆಯಲು 15 ಜಾಗ ಇರುತ್ತದೆ. ಅದರಲ್ಲಿ 3 ಮಾತ್ರ ‘ನನಗೆ ತುಂಬ ಮುಖ್ಯವಾದದ್ದು’ ಎಂದು ಗುರುತು ಹಾಕಬಹುದು. ಒಂದೊಂದಕ್ಕೂ 700 ಅಕ್ಷರ. ಆ ಮೂರಕ್ಕೆ ಮಾತ್ರ ಇನ್ನೂ 1,325 ಅಕ್ಷರ ಬರೆಯಲು ಬಿಡುತ್ತಾರೆ. ಎಷ್ಟು ಗಂಟೆ ಮಾಡಿದೆ, ಅದು ನಿಜ ಎಂದು ಹೇಳಲು ಯಾರನ್ನು ಕೇಳಬೇಕು ಎಂದೂ ಬರೆಯಬೇಕು. ಈ ಲೆಕ್ಕವನ್ನೇ ಗಮನಿಸು. 15 ಜಾಗ ಕೊಟ್ಟವರು ಹೆಚ್ಚಿನ ಮಾತಿಗೆ ಜಾಗ ಕೊಟ್ಟದ್ದು ಮೂರಕ್ಕೆ. ಅವರು ಹುಡುಕುವುದು ಉದ್ದದ ಪಟ್ಟಿಯನ್ನಲ್ಲ ಎಂದು ಅರ್ಜಿಯ ಆಕಾರವೇ ಹೇಳುತ್ತದೆ. ಅಕ್ಕನಿಗೂ ಇದನ್ನು ತಿಳಿಸು. ಇನ್ನೊಂದು ಮಾತು, ಅಲ್ಲಿನ ಬಹಳಷ್ಟು ಮೆಡಿಕಲ್ ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವುದೇ ಇಲ್ಲ. ಅವಳು ಅಲ್ಲಿ ಹುಟ್ಟಿದವಳು, ಅವಳಿಗೆ ಆ ತೊಂದರೆ ಇಲ್ಲ. ನಮ್ಮವರು ಹೋಗುವುದು ಹೆಚ್ಚಾಗಿ ಇಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲಿ ಡಾಕ್ಟರ್ ಆಗಲು ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆ ಬರೆದು, ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ತಜ್ಞರಾಗುವ ತರಬೇತಿಗೆ.

ಬ್ರಿಟನ್‌ನಲ್ಲಿ ನಮ್ಮ ಹಾಗೆ ಪಿಯುಸಿ ವಯಸ್ಸಿನಲ್ಲೇ ಸೇರುತ್ತಾರೆ. ಯುಕ್ಯಾಟ್ ಪರೀಕ್ಷೆ, ಅಕ್ಟೋಬರ್ 15ರೊಳಗೆ ಅರ್ಜಿ, ಆಮೇಲೆ ಸಂದರ್ಶನ. ಹಲವು ಕಾಲೇಜುಗಳಲ್ಲಿ ಆ ಸಂದರ್ಶನ ಸಣ್ಣ ಸಣ್ಣ ಕೋಣೆಗಳ ಸಾಲು. ಒಂದು ಕೋಣೆಯಲ್ಲಿ ಐದಾರು ನಿಮಿಷ, ಗಂಟೆ ಹೊಡೆದರೆ ಮುಂದಿನ ಕೋಣೆ. ‘ಆಸ್ಪತ್ರೆಯಲ್ಲಿ ಏನು ನೋಡಿದೆ, ಅದರಿಂದ ಏನು ತಿಳಿಯಿತು’ ಎಂದು ಕೇಳಿದರೆ ಸರ್ಟಿಫಿಕೇಟ್ ತೋರಿಸಿ ತಪ್ಪಿಸಿಕೊಳ್ಳಲು ಆಗದು. ಫೀಸು ಮಾತ್ರ 4 ಎಕರೆ ತೊಗರಿಗೆ ನಿಲುಕುವುದಲ್ಲ. ಯಾವ ದೇಶಕ್ಕೆ ಎಂಬಿಬಿಎಸ್ ಓದಲು ಹೋದರೂ, ತಿರುಗಿ ಬಂದು ಇಲ್ಲಿ ಡಾಕ್ಟರ್ ಆಗಬೇಕೆಂದರೆ ನೀಟ್ ಪಾಸಾಗಿರಲೇಬೇಕು. ಹೇಗೆ ತಿರುಗಿದರೂ ನಿನ್ನ ಈ ವರ್ಷ ನೀಟ್‌ನದೇ.

ಹಾಗಾದರೆ ಏನೂ ಮಾಡೋದು ಬೇಡವಾ? ಇಲ್ಲಿಂದ ನನ್ನ ಅಭಿಪ್ರಾಯ. ನಾನು ಇಪ್ಪತ್ತಾರು ವರ್ಷ ಸಮುದಾಯ ವೈದ್ಯಕೀಯ ಪಾಠ ಮಾಡಿದವಳು. ನೀಟ್‌ನಲ್ಲಿ ಒಳ್ಳೆ ರ‍್ಯಾಂಕ್ ತೆಗೆದು ಬಂದು, ಮೊದಲ ಸಲ ವಾರ್ಡಿನ ವಾಸನೆಗೆ ಮುಖ ತಿರುಗಿಸಿದ ಮಕ್ಕಳನ್ನು ನೋಡಿದ್ದೇನೆ. ವಾಸನೆ ಒಂದು ವಾರದಲ್ಲಿ ಅಭ್ಯಾಸ ಆಗುತ್ತದೆ. ಆಗದೆ ಉಳಿಯುವುದು ಬೇರೆ. ಬಡವರ ಹತ್ತಿರ ಕೂತು ಮಾತಾಡಲು ಬರದಿರುವುದು, ಅವರ ಮಾತು ಮುಗಿಯುವ ತನಕ ಕಾಯಲು ಆಗದಿರುವುದು. ಅನುಭವ ಬೇಕಾಗಿರುವುದು ಇದಕ್ಕೆ. ಈ ಕೆಲಸ ನಿನಗೆ ಹಿಡಿಸುತ್ತದಾ ಎಂದು ನಿನಗೇ ಗೊತ್ತಾಗಲಿಕ್ಕೆ. ಸೀಟಿಗೆ ಉಪಯೋಗ ಇಲ್ಲದಿದ್ದರೂ ಪರವಾಗಿಲ್ಲ.

ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಬಹಳ ಹಿಂದೆ ಪರಿಚಯದವರ ಮಗ ನಮ್ಮ ಹಳ್ಳಿ ಕ್ಯಾಂಪಿಗೆ ಎರಡು ದಿನ ಬಂದ. ಮೂರನೇ ದಿನ ಬರಲಿಲ್ಲ. ಬಿಸಿಲು ಜಾಸ್ತಿ ಆಯಿತಂತೆ. ಅವರ ತಾಯಿ ಕೇಳಿದರು, ನಾನು ಸಂಕೋಚಕ್ಕೆ ಬಿದ್ದು ಒಂದು ತಿಂಗಳ ಸರ್ಟಿಫಿಕೇಟ್ ಬರೆದುಕೊಟ್ಟೆ. ಮುಂದೆ ಹೊರದೇಶದ ಒಂದು ಸಂದರ್ಶನದಲ್ಲಿ ಆ ಕ್ಯಾಂಪಿನ ಬಗ್ಗೆ ಕೇಳಿದರಂತೆ. ಹಳ್ಳಿಯ ಹೆಸರೇ ನೆನಪಾಗಲಿಲ್ಲವಂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಹಿ ಮಾಡಿದವಳು ನಾನು.

ಈಗ ನಿನ್ನ ಆಯ್ಕೆ. ನಿನ್ನ ಪತ್ರದಲ್ಲಿ ನೀನು ಸುಮ್ನೆ ಹೇಳಿ ಮುಂದೆ ಹೋದ ಸಂಗತಿಯೇ ನನಗೆ ಹಿಡಿಸಿದ್ದು. ಚಿತ್ತಾಪುರ ಕಡೆಯ ಹಳ್ಳಿ. ಅಂದರೆ ಮನೆಯಲ್ಲಿ ನಮ್ಮ ಕಲಬುರಗಿ ಕನ್ನಡ. ಹಾಸ್ಟೆಲ್‌ನಲ್ಲಿ ಪುಸ್ತಕದ ಕನ್ನಡ. ಗೆಳತಿಯರ ಜೊತೆ ದಖನಿ ಉರ್ದು ಬರುತ್ತಿರಬೇಕು. ಊರ ಪಕ್ಕ ತಾಂಡಾ ಇದ್ದರೆ ಲಂಬಾಣಿ ನಾಲ್ಕು ಮಾತಾದರೂ ಬಂದೀತು. ಇದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಆದರೆ ನಮ್ಮ ಊರಿನ ದವಾಖಾನೆಗಳಲ್ಲಿ ಇದರಷ್ಟು ಬೆಲೆಬಾಳುವುದು ಇನ್ನೊಂದಿಲ್ಲ.

ಒಂದು ದಿನದ ಕಥೆ ಹೇಳುತ್ತೇನೆ. ಹೊರರಾಜ್ಯದಿಂದ ಬಂದ ಹೌಸ್‌ಸರ್ಜನ್ ಒಬ್ಬ ಓಪಿಡಿಯಲ್ಲಿ ಕೂತಿದ್ದ. ಒಳ್ಳೆ ಹುಡುಗ, ಕನ್ನಡ ಕಲಿಯಬೇಕು ಎಂದು ಸಣ್ಣ ಪುಸ್ತಕ ಇಟ್ಟುಕೊಂಡಿದ್ದ. ಒಬ್ಬ ಮುದುಕಿ ಬಂದು ‘ಮಗಳಿಗಿ ಬ್ಯಾನಿ ಸುರು ಆಗ್ಯಾವ್ರಿ ಸಾಹೇಬ್ರ’ ಎಂದಳು. ಅವನು ಪುಸ್ತಕ ತಿರುವಿದ. ‘ನೋವು’ ಕಲಿತಿದ್ದ, ‘ಬ್ಯಾನಿ’ ಕಲಿತಿರಲಿಲ್ಲ. ಸಾಲಿನಲ್ಲಿ ನಿಲ್ಲಿ ಎಂದು ಕೈ ತೋರಿಸಿದ. ಪುಣ್ಯಕ್ಕೆ ಆಯಾ ಒಬ್ಬಳು ಹಾದುಹೋಗುತ್ತಿದ್ದಳು. ಅವಳೇ ಕೂಗಿ ಸ್ಟ್ರೆಚರ್ ತರಿಸಿದಳು. ಹೊರಗೆ ಆಟೋದಲ್ಲಿದ್ದ ಹುಡುಗಿಗೆ ಹೆರಿಗೆ ಆಗಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ.

ಜೇವರ್ಗಿ, ಆಳಂದ, ಅಫಜಲಪುರ, ಶಹಾಪುರದಿಂದ ಬೆಳಗಿನ ಬಸ್ಸು ಹಿಡಿದು ಬಂದ ಮಂದಿ ಚೀಟಿ ಎಲ್ಲಿ ಮಾಡಿಸಬೇಕು, ರಕ್ತ ಎಲ್ಲಿ ಕೊಡಬೇಕು, ಎಕ್ಸ್‌ರೇ ಯಾವ ಮಹಡಿ ಎಂದು ತಿಳಿಯದೆ ಮಧ್ಯಾಹ್ನದ ತನಕ ತಿರುಗುತ್ತಾರೆ. ಡಾಕ್ಟರು ಎದ್ದು ಹೋಗಿರುತ್ತಾರೆ. ನಾಳೆ ಬಾ ಎಂದರೆ ಇನ್ನೊಂದು ದಿನದ ಕೂಲಿ ಹೋಯಿತು. ಅವರ ಪಕ್ಕ ನಿಂತು ಚೀಟಿ ಓದಿ ಹೇಳುವುದು, ದಾರಿ ತೋರಿಸುವುದು, ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂದು ಔಷಧಿ ಕೊಡುವವರನ್ನೇ ಇನ್ನೊಮ್ಮೆ ಕೇಳಿಸುವುದು, ಇದನ್ನು ಮಾಡು. ವಾರಕ್ಕೆ ಎರಡು ಬೆಳಗು, ಎರಡು ತಿಂಗಳು. ಕಾಲೇಜಿನ ಪ್ರಾಂಶುಪಾಲರಿಂದ ಒಂದು ಪತ್ರ ಬರೆಸಿ ಆಸ್ಪತ್ರೆಯ ಅಧೀಕ್ಷಕರಿಗೆ ಕೊಡು. ಊರಲ್ಲಿ ಜಿಮ್ಸ್ ಇದೆ, ಇಎಸ್‌ಐಸಿ ಇದೆ, ಬಸವೇಶ್ವರ ಆಸ್ಪತ್ರೆ ಇದೆ, ಕೆಬಿಎನ್ ಇದೆ. ಒಂದು ಕಡೆ ಬೇಡ ಎಂದರೆ ಇನ್ನೊಂದು ಕಡೆ ಕೇಳು. 18 ತುಂಬದವರನ್ನು ಒಳಗೆ ಬಿಡಲ್ಲ ಎಂದರೆ ಬೇಜಾರು ಮಾಡಿಕೊಳ್ಳಬೇಡ, ಅವರ ಕಷ್ಟ ಅವರಿಗೆ.

ಯಾವಾಗ? ನೀಟ್ ಮುಗಿದ ಮಾರನೇ ವಾರದಿಂದ. ಪರೀಕ್ಷೆ ಮೇ ತಿಂಗಳಲ್ಲಿ, ಕೌನ್ಸೆಲಿಂಗ್ ಶುರುವಾಗುವ ತನಕ ಎರಡು ತಿಂಗಳು ಕೈಯಲ್ಲಿರುತ್ತದೆ. ಎಲ್ಲರೂ ಆಗ ಮೊಬೈಲ್ ಹಿಡಿದು ಕೂರುತ್ತಾರೆ. ನಮ್ಮ ಮೇ ತಿಂಗಳ ಬಿಸಿಲು ನಿನಗೆ ಗೊತ್ತು, 42–43 ಡಿಗ್ರಿ. ಎಂಟಕ್ಕೆ ಹೋಗಿ ಹನ್ನೆರಡರೊಳಗೆ ಹಾಸ್ಟೆಲ್ ಸೇರು. ಆ ತನಕ ಪುಸ್ತಕ ಬಿಟ್ಟು ಏಳಬೇಡ.

ಎರಡನೆಯದು ನಿನ್ನ ಊರಲ್ಲೇ ಇದೆ, ರಜಕ್ಕೆ ಹೋದಾಗ ಮಾಡಬಹುದು. ಹಾವು ಕಡಿತ. ತೊಗರಿ ಹೊಲದಲ್ಲಿ ಬೆಳೆದವಳಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧ ಕೆಲಸ ಮಾಡುತ್ತದೆ. ಆದರೂ ಮಂದಿ ಮೊದಲು ಮಂತ್ರ ಹಾಕುವವನ ಹತ್ತಿರ ಹೋಗಿ ಎರಡು ತಾಸು ಕಳೆಯುತ್ತಾರೆ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವು, ಬಾವು ಎಷ್ಟೋ ಸಲ ಇರುವುದೇ ಇಲ್ಲ. ಬೆಳಗ್ಗೆ ರೆಪ್ಪೆ ಎತ್ತಲು ಆಗದಾಗಲೇ ಗೊತ್ತಾಗುವುದು. ಊರಿನ ಆಶಾ ಅಕ್ಕನ ಜೊತೆ ಇಪ್ಪತ್ತು ಮನೆಗೆ ಹೋಗು. ಮೂರೇ ಪ್ರಶ್ನೆ ಕೇಳು. ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗುವಾಗ ಬ್ಯಾಟರಿ ಒಯ್ಯುತ್ತೀರಾ? ಕಾಲಿಗೆ ಏನು ಹಾಕುತ್ತೀರಿ? ಹಾವು ಕಚ್ಚಿದರೆ ಮೊದಲು ಎಲ್ಲಿಗೆ ಹೋಗುತ್ತೀರಿ? ಉತ್ತರ ಬರೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸು. ಅಮೆರಿಕದ ಅಕ್ಕ ಹೇಳುವ ‘ರಿಸರ್ಚ್’ ಶುರುವಾಗುವುದು ಹೀಗೇ. ಅದಕ್ಕೆ ಲ್ಯಾಬ್ ಬೇಕೆಂದೇನೂ ಇಲ್ಲ.

ಮೂರನೆಯದು ನಿನಗೆ ಚಟುವಟಿಕೆ ಎಂದೇ ಅನ್ನಿಸಲಿಕ್ಕಿಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯೋ, ಪಾರ್ಶ್ವವಾಯು ಬಡಿದ ಕಾಕಾನೋ ಇದ್ದಾರಾ? ಅವರ ಇನ್ಸುಲಿನ್ ಲೆಕ್ಕ, ಕಾಲಿನ ಗಾಯ, ಔಷಧಿ ಡಬ್ಬಿ ನೀನೇ ನೋಡುತ್ತೀಯಾ? ಬ್ರಿಟನ್‌ನ ಮೆಡಿಕಲ್ ಕಾಲೇಜುಗಳು ಮನೆಯವರ ಆರೈಕೆಯನ್ನೂ, ಅಂಗಡಿಯಲ್ಲಿ ಕೂಲಿಗೆ ಮಾಡಿದ ಕೆಲಸವನ್ನೂ ಅನುಭವ ಎಂದೇ ಎಣಿಸುತ್ತವೆ. ನಮ್ಮ ಹೆಣ್ಣುಮಕ್ಕಳು ಇದನ್ನು ಬರೆಯಲು ನಾಚಿಕೊಳ್ಳುತ್ತಾರೆ. ‘ಅದು ಮನಿ ಕೆಲಸ ಅಲ್ಲೇನ್ರಿ ಮೇಡಂ’ ಎನ್ನುತ್ತಾರೆ.

ರಕ್ತದಾನ ಶಿಬಿರ, ಪಲ್ಸ್ ಪೋಲಿಯೊ ಬೂತ್, ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಬೇತಿ ಎಲ್ಲವೂ ಒಳ್ಳೆಯವೇ. 18 ತುಂಬುವ ತನಕ ರಕ್ತ ಕೊಡಲು ಬಿಡಲ್ಲ, ಹೆಸರು ಬರೆದುಕೊಳ್ಳಲು ಕೂರಬಹುದು. ಕೋಲಾಟ, ಕಬಡ್ಡಿ, ಹಾಡು ಬರುತ್ತಿದ್ದರೆ ಬಿಡಬೇಡ. ಅದು ನಿನಗೆ ಉಸಿರಾಡಲಿಕ್ಕೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪರಿಚಯದ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಅಣ್ಣ ಪ್ರೀತಿಯಿಂದ ‘ಬಾ ತಂಗಿ, ಇಂಜೆಕ್ಷನ್ ಹಾಕೋದು ಕಲಿಸ್ತೀನಿ’ ಎಂದಾನು. ಬೇಡ. ಸೂಜಿ ಮುಟ್ಟಬೇಡ, ಹೊಲಿಗೆ ಮುಟ್ಟಬೇಡ. ನಮ್ಮಲ್ಲಿ ಇದನ್ನು ಧೈರ್ಯ ಎನ್ನುತ್ತಾರೆ. ಅಮೆರಿಕ, ಬ್ರಿಟನ್‌ನಲ್ಲಿ ಅರ್ಜಿ ಓದುವವರು ‘ಹದಿನೇಳನೇ ವಯಸ್ಸಿಗೆ ಹೊಲಿಗೆ ಹಾಕಿದೆ’ ಎಂಬ ಸಾಲು ಕಂಡರೆ ಅರ್ಜಿಯನ್ನೇ ಪಕ್ಕಕ್ಕೆ ಇಡಬಹುದು. ಬಡ ರೋಗಿಯ ಮೈಮೇಲೆ ಅನುಮತಿ ಇಲ್ಲದೆ ಕಲಿತೆ ಎಂದೇ ಅದರ ಅರ್ಥ. ಮೊಬೈಲಿನಲ್ಲಿ ರೋಗಿಯ ಫೋಟೊ ತೆಗೆಯುವುದೂ ಅಷ್ಟೇ ತಪ್ಪು, ಸ್ಟೇಟಸ್‌ಗೆ ಹಾಕುವುದು ಇನ್ನೂ ದೊಡ್ಡ ತಪ್ಪು.

ಒಂದು 200 ಪುಟದ ನೋಟ್‌ಬುಕ್ ತೆಗೆದುಕೋ. ಹೋದ ದಿನವೇ ರಾತ್ರಿ ಬರೆ. ತಾರೀಖು, ಎಷ್ಟು ಗಂಟೆ, ಏನು ನೋಡಿದೆ, ಏನು ತಿಳಿಯಲಿಲ್ಲ. ರೋಗಿಯ ಹೆಸರು, ಊರು ಬರೆಯಬೇಡ. ‘ಎಲ್ಲರಿಗೂ ಸಹಾಯ ಮಾಡಿದೆ, ಖುಷಿ ಆಯಿತು’ ಎಂದು ಬರೆದರೆ ಎರಡು ವರ್ಷದ ಮೇಲೆ ನಿನಗೇ ಅದು ಉಪಯೋಗಕ್ಕೆ ಬಾರದು. ‘ಒಬ್ಬಜ್ಜ ಮೂರು ಸಲ ಅದೇ ಪ್ರಶ್ನೆ ಕೇಳಿದ, ನಾಲ್ಕನೇ ಸಲ ನನಗೆ ಸಿಟ್ಟು ಬಂತು, ಆಮೇಲೆ ಅವನಿಗೆ ಕಿವಿ ಕೇಳಿಸಲ್ಲ ಎಂದು ಗೊತ್ತಾಯಿತು’ ಎಂದು ಬರೆ. ನಿನ್ನನ್ನು ನಿಜವಾಗಿ ನೋಡಿದ ಸಿಸ್ಟರ್ ಅಥವಾ ಡಾಕ್ಟರಿಂದ ಕೊನೆಗೆ ಒಂದು ಪತ್ರ ಕೇಳು. ಮಾಡಿದಷ್ಟೇ ಗಂಟೆ ಬರೆಯಲಿ. ಜಾಸ್ತಿ ಬರೆಯುತ್ತೇನೆ ಎಂದರೂ ಬೇಡ ಎನ್ನು.

ಹೊರದೇಶಕ್ಕೆ ಲೆಕ್ಕಕ್ಕೆ ಬರುವ ಕೆಲಸ ಶುರುವಾಗುವುದು ಎಂಬಿಬಿಎಸ್ ಸೇರಿದ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, 1979ರಿಂದ ಎಂಬಿಬಿಎಸ್ ಮಕ್ಕಳಿಗೆ ಎರಡು ತಿಂಗಳ ಸಂಶೋಧನೆಗೆ ಸ್ಟೈಪೆಂಡ್ ಕೊಡುತ್ತ ಬಂದಿದೆ, ಎಸ್‌ಟಿಎಸ್ ಎನ್ನುತ್ತಾರೆ. ಈಗಿನ ಪಠ್ಯಕ್ರಮದಲ್ಲಿ ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಮೊದಲ ವರ್ಷದಿಂದಲೇ ಹೋಗಿ ಬರಬೇಕು. ಬೇರೆಯವರು ಅದನ್ನು ಹಾಜರಿಗೆ ಮಾಡುತ್ತಾರೆ. ಇಪ್ಪತ್ತು ಮನೆ ಸುತ್ತಿ ಅಭ್ಯಾಸ ಇರುವ ನಿನಗೆ ಅಲ್ಲೇ ಒಂದು ಎಸ್‌ಟಿಎಸ್ ವಿಷಯ ಸಿಕ್ಕರೂ ಸಿಗಬಹುದು. ಅಮೆರಿಕದ ರೆಸಿಡೆನ್ಸಿ ಅರ್ಜಿಯಲ್ಲಿ ಈಗ ಬರೀ 10 ಅನುಭವಕ್ಕೆ ಜಾಗ. ಅಲ್ಲೂ 3ನ್ನೇ ಮುಖ್ಯ ಎಂದು ಆರಿಸಬೇಕು.

ಆ 371(ಜೆ) ಕಾಗದ ಇನ್ನೂ ಮಾಡಿಸಿಲ್ಲದಿದ್ದರೆ ದಸರಾ ರಜೆಯಲ್ಲೇ ಕೆಲಸ ಶುರು ಮಾಡು. ಚಿತ್ತಾಪುರದವರಿಗೆ ಅದನ್ನು ಕೊಡುವುದು ಸೇಡಂನ ಅಸಿಸ್ಟೆಂಟ್ ಕಮಿಷನರ್ ಕಚೇರಿ. ಶಾಲೆಯ ದಾಖಲೆ, ಅಪ್ಪನ ಕಾಗದಪತ್ರ ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ಎಂದು ಈಗಲೇ ನೋಡಿಟ್ಟುಕೋ. ತಿದ್ದಿಸಲು ಹೋದರೆ ವಾರಗಟ್ಟಲೆ ಹಿಡಿಯುತ್ತದೆ, ಕೌನ್ಸೆಲಿಂಗ್ ಹೊತ್ತಿಗೆ ಅಪ್ಪ ಬಿತ್ತನೆ ಬಿಟ್ಟು ಕಚೇರಿ ಮುಂದೆ ನಿಲ್ಲಬೇಕಾಗುತ್ತದೆ.